ಕ್ರಮನಿಷ್ಠರ ಕಾಯಕ

(ಶ್ರೀಮಠದ ಮಹೋತ್ಸವದ ಧರ್ಮಸಭೆಯಲ್ಲಿ ನೀಡಿದ ಉಪನ್ಯಾಸ)



ಮಹೋತ್ಸವದ ಈ ಶುಭಸಂದರ್ಭದಲ್ಲಿ ಕಾಯಕತತ್ತ್ವವನ್ನು ಸ್ಮರಿಸುವುದು ಉಚಿತವೇ ಸರಿ. ಆ ತತ್ತ್ವವು ಸಮುದ್ರದಂತೆ ವಿಶಾಲವಾದುದು. ಅದರ ಒಂದು ದಡವನ್ನು ಮಾತ್ರ ಇಲ್ಲಿ ವಿಚಾರಕ್ಕೆ ತೆಗೆದುಕೊಳ್ಳಲಾಗಿದೆ. ಹೊಸದನ್ನು ಕಲ್ಪಿಸುವುದಕ್ಕಿಂತ, ಗೊತ್ತಾದ ವಿಧಿಯನ್ನು ತಪ್ಪದೆ ನಡೆಯಿಸುವುದರಲ್ಲಿಯೇ ಯಾರ ಮನಸ್ಸಿಗೆ ನೆಮ್ಮದಿಯುಂಟೋ ಅಂಥವರಿಗೆ ತಕ್ಕ ಕಾಯಕ ಯಾವುದು? ವಸ್ತುಗಳನ್ನು ತಯಾರಿಸುವ ಉದ್ಯಮಗಳಲ್ಲಿ ಅವರ ಸ್ಥಾನವೇನು? ಇವೇ ಇಂದಿನ ಪ್ರಶ್ನೆಗಳು.

ಲೋಕದಲ್ಲಿ ಬುದ್ಧಿಯು ಎರಡು ಬಗೆಯಾಗಿ ಪ್ರವರ್ತಿಸುತ್ತದೆ. ಹೊಸಹೊಸದನ್ನು ಅರಳಿಸುವ ಬುದ್ಧಿಗೆ ಆಲಂಕಾರಿಕರು ಪ್ರತಿಭೆಯೆಂದು ಹೆಸರಿಟ್ಟರು. ಇನ್ನೊಂದು ಬುದ್ಧಿಯು ಕಂಡುದನ್ನು, ಕಲಿತುದನ್ನು ಕೆಡದಂತೆ ಕಾಪಾಡಿಕೊಂಡು ಬರುವಂಥದು. ಅದಕ್ಕೆ ನಿಷ್ಠೆಯೆಂದು ಹೆಸರು. ಮೊದಲನೆಯದನ್ನು ಲೋಕವು ಹೊಗಳಿ ಹಾಡುತ್ತದೆ. ಎರಡನೆಯದನ್ನು ಉಂಡು ಮರೆಯುತ್ತದೆ. ಆದಕಾರಣವೇ ಎಷ್ಟೋ ಮನೆಗಳಲ್ಲಿ ಒಂದು ಕೊರಗು ಕೇಳಿಬರುತ್ತದೆ. “ನಮ್ಮ ಹುಡುಗನಿಗೆ ತಾನಾಗಿ ಏನೂ ಹೊಳೆಯುವುದಿಲ್ಲ ಬುದ್ಧೀ, ಹೇಳಿಕೊಟ್ಟದ್ದನ್ನು ಹೇಳಿದ ಹಾಗೆ ಮಾಡುತ್ತಾನೆ, ಅಷ್ಟೇ” ಎಂದು ತಂದೆತಾಯಿಗಳು ಮಠಕ್ಕೆ ಬಂದು ಗುರುಗಳ ಮುಂದೆ ಅರಿಕೆ ಮಾಡಿಕೊಳ್ಳುವರು. ಮಗನು ಪಕ್ಕದಲ್ಲಿ ತಲೆತಗ್ಗಿಸಿ ನಿಂತಿರುವನು. ಹೇಳಿದ ಹಾಗೆ ಮಾಡುವುದು ಒಂದು ಊನವೆಂದು ಆ ಎಳೆಯ ಮನಸ್ಸು ಅಂದೇ ನಂಬಿಬಿಡುತ್ತದೆ. ಈ ನಂಬಿಕೆಯು ತಪ್ಪಾದುದು ಮಾತ್ರವಲ್ಲ, ಒಂದು ಜೀವವನ್ನೇ ಕುಗ್ಗಿಸತಕ್ಕದ್ದು. ಅದನ್ನು ಕಳೆಯುವುದು ಈ ಉಪನ್ಯಾಸದ ಉದ್ದೇಶವಾಗಿರುತ್ತದೆ.

ಮೊದಲು ಸ್ವಧರ್ಮದ ಒಳಗಿನಿಂದಲೇ ನೋಡಬಹುದು. ಭಕ್ತನು ಪ್ರತಿದಿನವೂ ಹಣೆಗೆ ಧರಿಸುವ ವಿಭೂತಿಯು ಹೇಗೆ ಸಿದ್ಧವಾಗುತ್ತದೆ? ಗೋಮಯವನ್ನು ಸಂಗ್ರಹಿಸಿ, ಒಣಗಿಸಿ, ಸುಟ್ಟು, ಬೂದಿಯನ್ನು ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ತಿಳಿಯನ್ನು ಬಸಿದು, ಗಟ್ಟಿ ಕಟ್ಟಿ ಒಣಗಿಸುವರು. ಇದರಲ್ಲಿ ಯಾವ ಮೆಟ್ಟಿಲನ್ನೂ ಹಾರುವಂತಿಲ್ಲ. ಸೋಸುವುದರಲ್ಲಿ ಅವಸರಪಟ್ಟರೆ ಹರಳು ಉಳಿದು ಹಣೆಯನ್ನು ಗೀರುವುದು. ಸಿದ್ಧಾಂತಶಿಖಾಮಣಿಯು ಭಸ್ಮವನ್ನು ಕಲ್ಪ, ಅನುಕಲ್ಪ, ಉಪಕಲ್ಪ, ಅಕಲ್ಪವೆಂದು ನಾಲ್ಕು ಬಗೆಯಾಗಿ ವಿಂಗಡಿಸಿರುವುದು ಶಿಷ್ಯರಿಗೆ ಪಾಠದಿಂದ ತಿಳಿದೇ ಇದೆ. ಆ ವಿಂಗಡಣೆಯ ಮೂಲವು ಬಣ್ಣವಲ್ಲ, ಬೆಲೆಯಲ್ಲ. ಸಿದ್ಧಪಡಿಸಿದ ಕ್ರಮವೇ ಅದರ ಮೂಲ. ನೋಟಕ್ಕೆ ಎರಡೂ ಬೂದಿಯೇ ಆದರೂ ಕ್ರಮಭೇದದಿಂದ ಅವುಗಳ ಯೋಗ್ಯತೆಯು ಬೇರೆಯಾಗುತ್ತದೆಂಬುದು ಶಾಸ್ತ್ರಕಾರರ ಅಭಿಪ್ರಾಯ. ಪಂಚಸೂತ್ರಲಿಂಗವನ್ನು ರೂಪಿಸುವವನೂ ಹಾಗೆಯೇ ಆಗಮೋಕ್ತವಾದ ಪ್ರಮಾಣಕ್ಕೆ ಒಳಪಟ್ಟವನು. “ಈ ಸಲ ಬೇರೆಯೊಂದು ಆಕಾರದಲ್ಲಿ ಮಾಡಿ ನೋಡೋಣ” ಎಂಬ ಹುಮ್ಮಸ್ಸಿಗೆ ಅಲ್ಲಿ ಎಡೆಯಿಲ್ಲ. ಪಾಠಶಾಲೆಯಲ್ಲಿ ಪದ, ಕ್ರಮ, ಜಟಾ, ಘನವೆಂಬ ಪಾಠಪದ್ಧತಿಗಳು ಏರ್ಪಟ್ಟುದೂ ಒಂದು ಸ್ವರವಾದರೂ ಜಾರಬಾರದೆಂಬ ಎಚ್ಚರದಿಂದಲೇ. ಗ್ರಂಥವಿಲ್ಲದ ಕಾಲದಲ್ಲಿ ಶಬ್ದರಾಶಿಯು ಉಳಿದು ಬಂದುದು ಈ ಕ್ರಮನಿಷ್ಠರ ಕಂಠದಲ್ಲಿ.

ಇನ್ನು ಹನ್ನೆರಡನೆಯ ಶತಮಾನದ ಶರಣರ ಕಡೆಗೆ ದೃಷ್ಟಿ ಹರಿಸಬೇಕು. ಮಡಿವಾಳ ಮಾಚಯ್ಯನು ಬಟ್ಟೆ ಒಗೆದನು. ಮೇದಾರ ಕೇತಯ್ಯನು ಬಿದಿರು ಸೀಳಿ ಬುಟ್ಟಿ ಹೆಣೆದನು. ನುಲಿಯ ಚಂದಯ್ಯನು ಹುಲ್ಲು ಕೊಯ್ದು ಹಗ್ಗ ಹೊಸೆದನು. ಇವರ ಅನುಭಾವವು ಅಪೂರ್ವವಾದುದು. ಆದರೆ ಕೈಯ ಕೆಲಸವು ನಿನ್ನೆ ಇದ್ದಂತೆಯೇ ಇಂದೂ, ಇಂದಿನಂತೆಯೇ ನಾಳೆಯೂ ನಡೆಯತಕ್ಕದ್ದು. ಹಗ್ಗದ ವಿಷಯವನ್ನೇ ತೆಗೆದುಕೊಳ್ಳಬಹುದು. ಮೊದಲಿನಿಂದ ತುದಿಯವರೆಗೆ ಹುರಿಯು ಒಂದೇ ಸಮನಾಗಿರಬೇಕು. ಎಲ್ಲಿ ಹುರಿ ಸಡಿಲವಾಯಿತೋ ಅಲ್ಲಿಯೇ ಹಗ್ಗವು ಹರಿಯುವುದು. ಬಾವಿಯಲ್ಲಿ ಕೊಡವನ್ನು ಇಳಿಬಿಟ್ಟ ತಾಯಿಗೆ ಬೇಕಾದುದು ಹೊಸಯುವವನ ಕಲ್ಪನಾಶಕ್ತಿಯಲ್ಲ, ಅವನ ಸಮತ್ವ. ಚಂದಯ್ಯನು ತನ್ನ ಕಾಯಕದ ನೇಮವನ್ನು ಲಿಂಗದ ನಿಮಿತ್ತದಿಂದಲೂ ಮುರಿಯಲೊಪ್ಪಲಿಲ್ಲವೆಂಬ ಕಥೆಯನ್ನು ಶೂನ್ಯಸಂಪಾದನೆಯಲ್ಲಿ ಭಕ್ತರು ಕೇಳಿಯೇ ಇರುವರು. ನೇಮವುಳ್ಳ ಕೈಗೆ ಶರಣರು ಕೊಟ್ಟ ಗೌರವವು ಅಷ್ಟು ದೊಡ್ಡದು.

ಇದು ಹಿಂದಿನ ಕಾಲದ ಮಾತಾಯಿತೆಂದು ಯಾರಾದರೂ ಎನ್ನಬಹುದು. ಆದುದರಿಂದ ವರ್ತಮಾನಕಾಲದ, ಅದೂ ಈ ನಾಡಿನದೇ ಆದ ಒಂದು ಉದಾಹರಣೆಯನ್ನು ಪರಿಶೀಲಿಸಬೇಕು. ಭಾರತದ ರಾಷ್ಟ್ರಧ್ವಜವನ್ನು ಸಂವಿಧಾನಸಭೆಯು ೧೯೪೭ನೆಯ ಇಸವಿ ಜುಲೈ ೨೨ರಂದು ಅಂಗೀಕರಿಸಿತು. ಅದರ ತಯಾರಿಕೆಗೆ ೧೯೫೧ರಲ್ಲಿ ಮಾನಕವು ನಿಗದಿಯಾಯಿತು. ಮೆಟ್ರಿಕ್ ಪದ್ಧತಿಗೆ ಹೊಂದಿಸುವ ಸಲುವಾಗಿ ೧೯೬೪ರಲ್ಲಿ ಅದನ್ನು ಪರಿಷ್ಕರಿಸಲಾಯಿತು. ೧೯೬೮ರಲ್ಲಿ ಮತ್ತೆ ತಿದ್ದುಪಡಿಯಾಯಿತು. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ೧೯೫೭ರಲ್ಲಿ ಸ್ಥಾಪಿತವಾದುದು. ಅಲ್ಲಿ ೨೦೦೪ರಲ್ಲಿ ಧ್ವಜ ತಯಾರಿಕೆಯ ವಿಭಾಗವು ಆರಂಭವಾಯಿತು. ಮಾನಕ ಸಂಸ್ಥೆಯ ಪ್ರಮಾಣಮುದ್ರೆಯೊಡನೆ ಖಾದಿ ಧ್ವಜವನ್ನು ತಯಾರಿಸುವ ಸಂಸ್ಥೆ ದೇಶದಲ್ಲಿ ಇದೊಂದೇ ಎಂಬ ಖ್ಯಾತಿಯು ಬಹುವರ್ಷಗಳ ಕಾಲ ಅದಕ್ಕಿದ್ದಿತು. ಧ್ವಜದ ಬಟ್ಟೆಯು ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯ ಮಗ್ಗಗಳಿಂದ ಬರುತ್ತದೆ. ಧಾರವಾಡದ ಹತ್ತಿರ ಶ್ರೀ ಮಡಿವಾಳೇಶ್ವರರ ಗದ್ದುಗೆಯಿಂದ ಪಾವನವಾದ ಗರಗ ಗ್ರಾಮವೂ ಧ್ವಜದ ಬಟ್ಟೆ ನೇಯ್ದು ಹೆಸರಾದ ಊರೇ.

ಈ ಕೆಲಸದ ಕ್ರಮವನ್ನು ಗಮನಿಸಬೇಕು. ನೂಲುವುದು, ನೇಯುವುದು, ಬಣ್ಣ ಕಟ್ಟುವುದು, ಚಕ್ರವನ್ನು ಅಚ್ಚೊತ್ತುವುದು, ಹೊಲಿಯುವುದು, ಕಡೆಗೆ ಹಗ್ಗವನ್ನೂ ಮರದ ಗುಬುಟನ್ನೂ ಜೋಡಿಸುವುದು ಎಂದು ಆರು ಹಂತಗಳುಂಟು. ಧ್ವಜದ ಅಳತೆಗಳು ಒಂಬತ್ತು. ಅವುಗಳಲ್ಲಿ ಅತಿ ದೊಡ್ಡದು ೬೩೦೦ ಮಿಲಿಮೀಟರ್ ಉದ್ದ, ೪೨೦೦ ಮಿಲಿಮೀಟರ್ ಅಗಲವುಳ್ಳದ್ದು. ಅತಿ ಚಿಕ್ಕದು ೧೫೦ಕ್ಕೆ ೧೦೦. ಯಾವ ಅಳತೆಯದಾದರೂ ಉದ್ದ ಅಗಲಗಳ ಪ್ರಮಾಣವು ಮೂರಕ್ಕೆ ಎರಡೇ ಆಗಿರಬೇಕು. ಕೇಸರಿ, ಬಿಳಿ, ಹಸುರು ಪಟ್ಟಿಗಳು ಮೂರೂ ಸಮನಾಗಿರಬೇಕು. ಚಕ್ರದ ೨೪ ಅರಗಳ ನಡುವಣ ಅಂತರವು ಒಂದೇ ಆಗಿರಬೇಕು. ಬಟ್ಟೆಯ ಎರಡು ಮಗ್ಗುಲಲ್ಲಿಯೂ ಒತ್ತಿದ ಚಕ್ರಗಳು ಒಂದರ ಬೆನ್ನಿಗೆ ಒಂದು ಸರಿಯಾಗಿ ಕೂಡಬೇಕು. ಕೂದಲೆಳೆಯಷ್ಟು ಸರಿದರೂ ಬೆಳಕಿಗೆ ಹಿಡಿದಾಗ ಅರಗಳು ಎರಡೆರಡಾಗಿ ಕಾಣುವುವು. ಬಣ್ಣವು ಬಿಸಿಲಿಗೂ ನೀರಿಗೂ ತಾಳಬೇಕು. ಬಟ್ಟೆಯನ್ನೂ ದಾರವನ್ನೂ ಹೊಲಿಗೆಯನ್ನೂ ಪರೀಕ್ಷಿಸಿ, ಮಾನಕಕ್ಕೆ ಹೊಂದದುದನ್ನು ಪಕ್ಕಕ್ಕಿಡುವರು.

ಈ ಕಾಯಕದಲ್ಲಿ ತೊಡಗಿದವರಲ್ಲಿ ಬಹುಮಂದಿ ಹೆಣ್ಣುಮಕ್ಕಳು. ಅವರಲ್ಲಿ ಒಬ್ಬಾಕೆಯು “ಕೇಸರಿಯು ಸ್ವಲ್ಪ ಗಾಢವಾದರೆ ಚೆಲುವಾಗಿ ಕಂಡೀತು” ಎಂದು ತನ್ನ ಅಭಿರುಚಿಯಂತೆ ಬಣ್ಣ ಕಟ್ಟಿದಳೆಂದು ಭಾವಿಸಬಹುದು. ಚೆಲುವೇನೋ ಹೆಚ್ಚೀತು, ಆದರೆ ಅದು ರಾಷ್ಟ್ರಧ್ವಜವಾಗದು. ಕೋಟೆಯ ಮೇಲೆ ಹಾರುವ ಧ್ವಜವೂ ಕುಗ್ರಾಮದ ಶಾಲೆಯ ಮೇಲೆ ಹಾರುವ ಧ್ವಜವೂ ಒಂದೇ ಎಂಬ ಭಾವನೆಯು ನಿಂತಿರುವುದು, ತನ್ನ ಅಭಿರುಚಿಯನ್ನು ಪಕ್ಕಕ್ಕಿಟ್ಟು ಅಳತೆಯನ್ನು ಎತ್ತಿಹಿಡಿದ ಆ ಕೈಗಳ ಮೇಲೆ. ನೂರು ಧ್ವಜಗಳನ್ನು ನೂರು ಬಗೆಯಾಗಿ ಮಾಡಬಲ್ಲವನಿಗೆ ಅಲ್ಲಿ ಕೆಲಸವಿಲ್ಲ. ನೂರನ್ನೂ ಒಂದೇ ಬಗೆಯಾಗಿ ಮಾಡಬಲ್ಲವಳಿಗೆ ಅಲ್ಲಿ ಪೀಠವಿದೆ.

ದಕ್ಷಿಣಕ್ಕೆ ಮೈಸೂರಿಗೆ ಬಂದರೆ ಇಂಥದೇ ಮತ್ತೊಂದು ಕಾಯಕವು ಕಣ್ಣಿಗೆ ಬೀಳುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೯೩೭ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯೊಂದು ಅಲ್ಲಿ ಸ್ಥಾಪಿತವಾಯಿತು. ಮತದಾರರ ಬೆರಳಿಗೆ ಹಚ್ಚುವ ಅಳಿಸಲಾರದ ಶಾಯಿಯು ೧೯೬೨ರ ಮಹಾಚುನಾವಣೆಯಿಂದ ಮೊದಲ್ಗೊಂಡು ಆ ಕಾರ್ಖಾನೆಯಲ್ಲಿಯೇ ಸಿದ್ಧವಾಗುತ್ತ ಬಂದಿದೆ. ಅದರ ಸೂತ್ರವು ರಾಷ್ಟ್ರೀಯ ಭೌತಿಕ ಪ್ರಯೋಗಾಲಯದಿಂದ ಬಂದುದು. ಅದನ್ನು ಗೋಪ್ಯವಾಗಿ ಕಾಪಾಡಿಕೊಂಡು ಬಂದಿರುವರು. ಅದರಲ್ಲಿರುವ ಬೆಳ್ಳಿಯ ನೈಟ್ರೇಟ್ ಎಂಬ ಲವಣವು ಚರ್ಮಕ್ಕೆ ತಗುಲಿ ಬೆಳಕಿಗೆ ಒಡ್ಡಿದೊಡನೆ ಕಪ್ಪಾಗಿ ನಿಲ್ಲುತ್ತದೆ. ಸೂತ್ರವನ್ನು ಕಂಡುಹಿಡಿದವರು ವಿಜ್ಞಾನಿಗಳು. ಅವರಿಗೆ ಪ್ರತಿಭೆಯು ಬೇಕಾಗಿದ್ದಿತು. ಆದರೆ ಅಂದಿನಿಂದ ಇಂದಿನವರೆಗೆ ಪ್ರತಿಯೊಂದು ಶೀಶೆಯಲ್ಲಿಯೂ ಅದೇ ಪ್ರಮಾಣವು ಇರುವಂತೆ ನೋಡಿಕೊಂಡವರು ತೂಗುವವರು, ಬೆರೆಸುವವರು, ತುಂಬುವವರು. ಒಂದು ಶೀಶೆಯಲ್ಲಿ ಪ್ರಮಾಣವು ತಪ್ಪಿದರೆ ಎಲ್ಲಿಯೋ ಒಂದು ಮತಗಟ್ಟೆಯಲ್ಲಿ ಒಬ್ಬನೇ ಎರಡು ಸಲ ಮತ ಹಾಕಲು ದಾರಿಯಾಗುವುದು. ಕಂಡುಹಿಡಿದುದು ಒಂದು ಸಲ, ಕಾಪಾಡುವುದು ಪ್ರತಿದಿನ.

ಕ್ರಮವನ್ನು ಬಿಟ್ಟ ಹೊಸತನವು ಎಂತಹ ಅನರ್ಥವನ್ನು ತರಬಲ್ಲುದೆಂಬುದಕ್ಕೆ ಪರದೇಶದ ಒಂದು ಪ್ರಸಂಗವನ್ನು ಹೇಳಬೇಕು. ಅಮೆರಿಕ ದೇಶದಲ್ಲಿ ೧೯೩೭ರಲ್ಲಿ ಸಲ್ಫನಿಲಮೈಡ್ ಎಂಬ ಔಷಧವನ್ನು ಪಾನಕದ ರೂಪದಲ್ಲಿ ಕೊಟ್ಟರೆ ಮಕ್ಕಳಿಗೆ ಕುಡಿಯಲು ಅನುಕೂಲವೆಂದು ಒಂದು ಸಂಸ್ಥೆಯವರಿಗೆ ಹೊಳೆಯಿತು. ಹೊಳೆದುದು ಕೆಟ್ಟದ್ದಲ್ಲ. ಆದರೆ ಔಷಧವನ್ನು ಕರಗಿಸಲು ಡೈಎಥಿಲೀನ್ ಗ್ಲೈಕಾಲ್ ಎಂಬ ದ್ರವವನ್ನು ಬಳಸಿ, ರುಚಿಯನ್ನೂ ಬಣ್ಣವನ್ನೂ ನೋಡಿದರೇ ಹೊರತು ಅದು ವಿಷವೋ ಅಲ್ಲವೋ ಎಂದು ಪರೀಕ್ಷಿಸಲಿಲ್ಲ. ನೂರಕ್ಕೂ ಹೆಚ್ಚು ಜನರು, ಅವರಲ್ಲಿ ಅನೇಕ ಮಕ್ಕಳು, ಪ್ರಾಣ ಬಿಟ್ಟರು. ಆ ದುರಂತದ ಫಲವಾಗಿ ಮರುವರ್ಷ, ೧೯೩೮ರಲ್ಲಿ, ಹೊಸ ಔಷಧವನ್ನು ಮಾರುವ ಮುನ್ನ ಅದು ನಿರಪಾಯವೆಂದು ತೋರಿಸಬೇಕೆಂಬ ಕಾಯಿದೆಯು ಅಲ್ಲಿ ಬಂದಿತು. ಭಾರತದಲ್ಲಿಯೂ ಔಷಧಗಳ ತಯಾರಿಕೆಗೆ ಶಾಸನಬದ್ಧವಾದ ವಿಧಿಗಳುಂಟು. ಯಾವ ವಸ್ತುವನ್ನು ಎಷ್ಟು ತೂಗಬೇಕು, ತೂಗಿದವನು ಯಾರು, ಅದನ್ನು ನೋಡಿ ಸರಿಯೆಂದವನು ಯಾರು, ಪಾತ್ರೆಯನ್ನು ತೊಳೆದುದು ಯಾವಾಗ ಎಂಬುದನ್ನೆಲ್ಲ ಆಯಾ ಗಳಿಗೆಯಲ್ಲಿಯೇ ಬರೆದು ರುಜು ಹಾಕಬೇಕು. ಇದನ್ನು ಬೇಸರವಿಲ್ಲದೆ ಮಾಡತಕ್ಕ ಸ್ವಭಾವವು ಎಲ್ಲರಿಗೂ ಇರುವುದಿಲ್ಲ. ಯಾರಿಗೆ ಇದೆಯೋ ಅವರು ಒಬ್ಬ ಅಜ್ಞಾತ ರೋಗಿಯ ಪ್ರಾಣವನ್ನು ಕಾಣದಿದ್ದರೂ ಕಾಯುವರು.

ಹಾಗಾದರೆ ಕ್ರಮಪ್ರಿಯರಾದ ಯುವಕ ಯುವತಿಯರು ಯಾವ ಯಾವ ವೃತ್ತಿಗಳನ್ನು ಅರಸಬಹುದು? ಕಾರ್ಖಾನೆಗಳಲ್ಲಿ ನಕ್ಷೆಯಲ್ಲಿ ತೋರಿಸಿದ ಅಳತೆಗೆ ಲೋಹವನ್ನು ಕಡೆಯುವ ಟರ್ನರ್, ಬಿಡಿಭಾಗಗಳನ್ನು ಕೂಡಿಸುವ ಫಿಟ್ಟರ್, ಗೊತ್ತುಪಡಿಸಿದ ಅನುಕ್ರಮದಲ್ಲಿ ಯಂತ್ರಗಳನ್ನು ಜೋಡಿಸುವವನು, ಸಿದ್ಧವಸ್ತುಗಳನ್ನು ಅಳೆದು ನೋಡುವ ತಪಾಸಣೆಗಾರ, ತಕ್ಕಡಿ ಮತ್ತು ಅಳತೆಯ ಉಪಕರಣಗಳು ಸರಿಯಾಗಿವೆಯೇ ಎಂದು ಕಾಲಕಾಲಕ್ಕೆ ಪರೀಕ್ಷಿಸುವವನು, ಬಾಯ್ಲರಿನ ಒತ್ತಡವನ್ನೂ ನೀರಿನ ಮಟ್ಟವನ್ನೂ ಹಗಲಿರುಳು ಕಾಯುವವನು, ಔಷಧಶಾಲೆಯಲ್ಲಿ ತೂಗುವವನು, ಆಹಾರಪದಾರ್ಥಗಳನ್ನು ಶುಚಿಯಾಗಿ ತುಂಬಿ ಮುದ್ರೆ ಮಾಡುವವನು, ಇವರೆಲ್ಲರ ಕಾಯಕಗಳಲ್ಲಿಯೂ ನಿಷ್ಠೆಯೇ ಮೊದಲನೆಯ ಗುಣ. ಇವುಗಳಿಗೆ ಶಿಕ್ಷಣವೂ ದುರ್ಲಭವಲ್ಲ. ೧೯೫೦ರಲ್ಲಿ ಆರಂಭವಾದ ಯೋಜನೆಯಂತೆ ಕೈಗಾರಿಕಾ ತರಬೇತಿ ಸಂಸ್ಥೆಗಳು ನಡೆಯುತ್ತಿವೆ. ೧೯೬೧ರ ಕಾಯಿದೆಯಂತೆ ಕಾರ್ಖಾನೆಗಳಲ್ಲಿಯೇ ಕಲಿಯುವ ಅಪ್ರೆಂಟಿಸ್ ಪದ್ಧತಿಯಿದೆ. ಡೆನ್ಮಾರ್ಕ್ ದೇಶದ ನೆರವಿನಿಂದ ೧೯೭೨ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು ಈಗ ನಾಡಿನ ಹಲವು ಊರುಗಳಲ್ಲಿ ಶಾಖೆಗಳನ್ನು ಹೊಂದಿದೆ.

ಆದರೆ ಇಲ್ಲಿ ಒಂದು ಸಂದೇಹವು ಏಳುವುದು. ಹೇಳಿದುದನ್ನು ಹೇಳಿದಂತೆ ಮಾಡುವವನು ಯಂತ್ರಕ್ಕೆ ಸಮಾನನಲ್ಲವೇ? ಈ ಪೂರ್ವಪಕ್ಷಕ್ಕೆ ಉತ್ತರವು ಒಂದು ಮಗ್ಗದಲ್ಲಿಯೇ ದೊರೆಯುತ್ತದೆ. ಜಪಾನ್ ದೇಶದ ಸಕಿಚಿ ಟೊಯೊಡಾ ಎಂಬ ಶಿಲ್ಪಜ್ಞನು ೧೯೨೪ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗವು ಒಂದು ಎಳೆ ಹರಿದೊಡನೆ ತಾನಾಗಿಯೇ ನಿಲ್ಲುತ್ತಿದ್ದಿತು. ದೋಷವುಳ್ಳ ಬಟ್ಟೆಯನ್ನು ಅದು ಮುಂದೆ ನೇಯುತ್ತಿರಲಿಲ್ಲ. ಆ ವಂಶದವರು ಮುಂದೆ ಸ್ಥಾಪಿಸಿದ ಮೋಟಾರು ಕಾರ್ಖಾನೆಯಲ್ಲಿ, ದೋಷವನ್ನು ಕಂಡ ಸಾಮಾನ್ಯ ಕೆಲಸಗಾರನೂ ಹಗ್ಗವೊಂದನ್ನು ಎಳೆದು ಜೋಡಣೆಯ ಸಾಲನ್ನೇ ನಿಲ್ಲಿಸಬಹುದೆಂಬ ಪದ್ಧತಿಯು ಏರ್ಪಟ್ಟಿತು. ಕ್ರಮವನ್ನು ಬಲ್ಲವನಿಗೆ ಅಲ್ಲವೇ ಕ್ರಮ ತಪ್ಪಿದುದು ಮೊದಲು ಗೊತ್ತಾಗುವುದು? ಸಾವಿರ ಸಲ ಸರಿಯಾದುದನ್ನು ಮುಟ್ಟಿದ ಕೈಗೆ ಸಾವಿರದೊಂದನೆಯದರ ವಿಕಾರವು ಒಡನೆಯೇ ತಿಳಿಯುತ್ತದೆ. ಆಗ ನಿಲ್ಲಿಸುವ ಧೈರ್ಯವೂ, ಮೇಲಿನವರಿಗೆ ತಿಳಿಸುವ ಪ್ರಾಮಾಣಿಕತೆಯೂ ಕ್ರಮನಿಷ್ಠೆಯ ಅಂಗಗಳೇ ಆಗಿವೆ. ಕಣ್ಣು ಮುಚ್ಚಿ ನಡೆಯುವುದು ಜಡತ್ವ. ಕಣ್ಣು ತೆರೆದು ಅದೇ ದಾರಿಯಲ್ಲಿ ನಡೆಯುವುದು ನಿಷ್ಠೆ. ವಿಧಿಯ ಕಾರಣವನ್ನು ಕೇಳಿ ತಿಳಿದವನು ಅದನ್ನು ಪಾಲಿಸುವಷ್ಟು ಚೆನ್ನಾಗಿ, ಕಾರಣವನ್ನರಿಯದವನು ಪಾಲಿಸಲಾರನು.

ಇನ್ನೊಂದು ಸತ್ಯವನ್ನು ಮರೆಮಾಡಬಾರದು. ಒಂದೇ ಬಗೆಯ ಕೆಲಸ ಮಾಡುವವನ ಬದುಕು ಸುಲಭವಾಗಿ ಅಲುಗತಕ್ಕದ್ದು. ೨೦೨೧ನೆಯ ಇಸವಿ ಡಿಸೆಂಬರ್ ೩೦ರಂದು ಧ್ವಜಸಂಹಿತೆಗೆ ತಿದ್ದುಪಡಿಯಾಗಿ, ಯಂತ್ರದಿಂದ ಮಾಡಿದ ಧ್ವಜಗಳಿಗೂ ಪಾಲಿಯೆಸ್ಟರ್ ಬಟ್ಟೆಯ ಧ್ವಜಗಳಿಗೂ ಅನುಮತಿ ದೊರೆಯಿತು. ಇದರಿಂದ ತಮ್ಮ ಜೀವನೋಪಾಯಕ್ಕೆ ಪೆಟ್ಟು ಬೀಳುವುದೆಂದು ೨೦೨೨ರಲ್ಲಿ ಹುಬ್ಬಳ್ಳಿಯ ಖಾದಿ ಬಳಗದವರು ಬಹಿರಂಗವಾಗಿ ಅಳಲನ್ನು ತೋಡಿಕೊಂಡರು. ಮನೆಮನೆಗೂ ಧ್ವಜವು ಅಗ್ಗವಾಗಿ ದೊರೆಯಲೆಂಬುದು ಒಂದು ನ್ಯಾಯ. ಇಷ್ಟು ಕಾಲ ಎಳೆಯೆಳೆಯನ್ನೂ ಕಾದು ಬಂದ ಕೈಗೆ ಅನ್ನ ತಪ್ಪಬಾರದೆಂಬುದು ಇನ್ನೊಂದು ನ್ಯಾಯ. ಕ್ರಮನಿಷ್ಠನು ತನ್ನ ಕೆಲಸವನ್ನು ತಾನೇ ಡಂಗುರ ಹೊಡೆಯಿಸಲಾರನು; ಅದು ಅವನ ಸ್ವಭಾವದಲ್ಲಿಲ್ಲ. ಆದುದರಿಂದ ಅವನ ಯೋಗ್ಯತೆಯನ್ನು ಗುರುತಿಸುವ ಹೊಣೆಯು ಸಮಾಜದ ಮೇಲೆ ಬೀಳುತ್ತದೆ.

ಈ ಸಂದರ್ಭದಲ್ಲಿ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ವೃತ್ತಾಂತವು ಸ್ಮರಣೀಯವಾಗಿದೆ. ಕಲ್ಯಾಣದ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕವಾಗಿದ್ದಿತು. ಒಂದು ದಿನ ಆತನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಆ ಮಹಾತಾಯಿಯು ಅದನ್ನು ಮನೆಯೊಳಗೆ ಸೇರಿಸದೆ, ಹೆಚ್ಚಿನದನ್ನು ತಂದಲ್ಲಿಯೇ ಹಾಕಿ ಬರುವಂತೆ ಹೇಳಿದಳು. ಕೊರತೆಯಾದಾಗ ಅಳತೆಯನ್ನು ನೆನೆಯುವವರು ಬಹಳ. ಹೆಚ್ಚಾದಾಗಲೂ ಅಳತೆಯನ್ನು ಬಿಡದವಳು ಲಕ್ಕಮ್ಮ. ಇಂದಿನ ಕಾರ್ಖಾನೆಗೂ ಈ ನೀತಿಯು ಸಲ್ಲುವುದು. ನಿಗದಿಗಿಂತ ಹೆಚ್ಚು ಮಾಡಿ ತೋರಿಸಬೇಕೆಂಬ ಆತುರದಿಂದ ತಪಾಸಣೆಯ ಒಂದು ಮೆಟ್ಟಿಲನ್ನು ಬಿಟ್ಟ ಕೆಲಸಗಾರನೂ, ಹಾಗೆ ಬಿಡುವಂತೆ ಅವನನ್ನು ತ್ವರೆಪಡಿಸಿದ ಯಜಮಾನನೂ ಸಮಾನದೋಷಿಗಳು.

ಆದಕಾರಣ, ತಂದೆತಾಯಿಗಳೇ, ಹೇಳಿದುದನ್ನು ಹೇಳಿದಂತೆ ಮಾಡುವ ಮಗುವು ಮನೆಯಲ್ಲಿದ್ದರೆ ಅದನ್ನು ಕುರಿತು ಕೊರಗಬೇಡಿ. ಅಕ್ಕನು ಹಾಡು ಕಟ್ಟುವಳು, ಅಣ್ಣನು ಮಾತಿನಲ್ಲಿ ಚತುರನು ಎಂದು ಹೋಲಿಸಿ ಅದರ ಮುಖವನ್ನು ಬಾಡಿಸಬೇಡಿ. ಅದರ ಕೈಗೆ ಒಂದು ಅಳತೆಯ ಕೋಲನ್ನೂ ಒಂದು ತಕ್ಕಡಿಯನ್ನೂ ಕೊಟ್ಟು ನೋಡಿರಿ. ಉದ್ಯಮಗಳನ್ನು ನಡೆಯಿಸುತ್ತಿರುವ ಭಕ್ತರೇ, ಹೊಸ ಸಲಹೆ ಕೊಟ್ಟವನಿಗೆ ಬಹುಮಾನ ಕೊಡುವುದು ಯೋಗ್ಯವೇ. ಅದರ ಜೊತೆಗೆ, ಹತ್ತು ವರ್ಷ ಒಂದು ತೂಕವನ್ನೂ ತಪ್ಪದವನನ್ನೂ ಕರೆದು ಮನ್ನಿಸಿರಿ, ಅವನ ಕೂಲಿಯು ಅವನ ಎಚ್ಚರಕ್ಕೆ ತಕ್ಕುದಾಗಿರಲಿ. ಶಿಷ್ಯರೇ, ಹೊಸದು ಹೊಳೆಯಲಿಲ್ಲವೆಂದು ಸಂಕೋಚಪಡಬೇಡಿರಿ. ಪ್ರತಿದಿನವೂ ಅದೇ ಹೊತ್ತಿಗೆ, ಅದೇ ವಿಧಿಯಿಂದ ಲಿಂಗಪೂಜೆಯನ್ನು ಮಾಡುವ ಭಕ್ತನಿಗೆ ನಿನ್ನೆಯ ಪೂಜೆಯು ಹಳೆಯದೆಂಬ ಬೇಸರವು ಎಂದಾದರೂ ಬಂದುದುಂಟೆ? ಪೂಜೆಯಲ್ಲಿ ಬಾರದ ಬೇಸರವು ಕಾಯಕದಲ್ಲಿಯೂ ಬಾರದಿರಲೆಂದೇ ಶರಣರು ಅವೆರಡರ ನಡುವಣ ಗೋಡೆಯನ್ನು ಕೆಡವಿದರು.

ನೂಲುವ ಕೈಗೂ, ತೂಗುವ ಕೈಗೂ, ಅಳೆಯುವ ಕೈಗೂ ಶ್ರೀಗುರುವಿನ ಕೃಪೆಯಿರಲಿ. ಸರ್ವರಿಗೂ ಮಂಗಳವಾಗಲಿ.